ಮಳೆಗಾಲದಲ್ಲಿ ಎ320 ವಿಮಾನದ ಮಾಡೆಲ್‌ಗೆ ಬಣ್ಣ: ನೀಲಿ ಮೇಲೆ ಬಿಳಿ ಪೊರೆ ಬರ್ತಿದೆ, ಏನು ಮಾಡೋದು?

ಗಿರಿ_ತಪ್ಪಲು:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಕೋಟೆ ಕಡೆ ಮನೆ. 1/144 ಅಳತೆಯ ಎ320 ಪ್ಲಾಸ್ಟಿಕ್ ಕಿಟ್ ಕಟ್ಟುತ್ತಿದ್ದೇನೆ. ಇಂಡಿಗೋ ವಿಮಾನ ಕಂಪನಿಯ ಬಣ್ಣ, ಅಂದರೆ ಮೇಲೆ ಬಿಳಿ, ಹೊಟ್ಟೆ ಮತ್ತು ಬಾಲ ಕಡುನೀಲಿ. ಜೋಡಣೆ ಮುಗಿದಿದೆ. ಸಂದು ತುಂಬಿ ಉಜ್ಜಿದ್ದೂ ಆಯಿತು. ಪ್ರೈಮರ್, ಬಿಳಿ ಎರಡೂ ಚೆನ್ನಾಗಿ ಕೂತವು. ಆಮೇಲೆ ಟೇಪ್ ಹಾಕಿ ಹೊಟ್ಟೆಗೆ ನೀಲಿ ಹೊಡೆದೆ. ಹೊಡೆದ ತಕ್ಷಣ ಒಳ್ಳೆ ಹೊಳಪಿತ್ತು, ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಅಲ್ಲಲ್ಲಿ ಬಿಳಿ ಪೊರೆ ಎದ್ದಿದೆ. ಅಮ್ಮ ನೋಡಿ "ಬೂಷ್ಟು ಬಂದಿದೆ, ಬಿಸಿಲಿಗಿಡು" ಅಂದರು. ಬಿಸಿಲು ಎಲ್ಲಿದೆ? ಗಿರಿ ಕಡೆ ಮುಖ ಮಾಡಿದರೆ ಬರೀ ಮೋಡ.

ಬಣ್ಣ ಲ್ಯಾಕರ್, ಏರ್‌ಬ್ರಶ್, ಸಣ್ಣ ಕಂಪ್ರೆಸರ್. ಎಲ್ಲ ಕಿತ್ತು ಮತ್ತೆ ಮೊದಲಿಂದ ಮಾಡಬೇಕಾ, ಅಥವಾ ಬೇರೆ ದಾರಿ ಇದೆಯಾ? ತಿಳಿದವರು ಹೇಳಿ.

ಕಡೂರು_ಕಡೆಯವ:
ನಮ್ಮ ಕಡೂರಿಗೆ ತಂದು ಹೊಡೆಯಿರಿ. ಇಲ್ಲಿ ಮಳೆಯೂ ಇಲ್ಲ, ಪೊರೆಯೂ ಇಲ್ಲ.

ಸ್ಕೇಲ್144:
ಅದು ಬೂಷ್ಟಲ್ಲ, ನೀರು. ಲ್ಯಾಕರ್‌ನ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ತಣ್ಣನೆ ಬಣ್ಣದ ಮೇಲೆ ನೀರಾಗಿ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಬ್ಲಶಿಂಗ್ ಅಂತಾರೆ. ಬಿಳಿ ಮೇಲೆ ನಿಮಗೆ ಕಾಣಲಿಲ್ಲ ಅಷ್ಟೇ, ಅಲ್ಲೂ ಆಗಿರಬಹುದು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಹೊಳಪು ಸತ್ತ ಜಾಗ ಗೊತ್ತಾಗುತ್ತದೆ.

ಕೀಳುವುದು ಬೇಡ. ಮಳೆ ಬಿಟ್ಟ ಹೊತ್ತಿನಲ್ಲಿ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಬೆರೆಸಿದ ಥಿನ್ನರನ್ನು ಮಾತ್ರ, ಬಣ್ಣ ಇಲ್ಲದೆ, ದೂರದಿಂದ ತೆಳ್ಳಗೆ ಒಂದು ಸಲ ಹೊಡೆಯಿರಿ. ಬಣ್ಣ ಸ್ವಲ್ಪ ಕರಗಿ ನೀರು ಹೊರಗೆ ಹೋಗುತ್ತದೆ, ಪೊರೆ ಕರಗುತ್ತದೆ.

ಶೆಡ್ಡು_ಪೇಂಟರ್:
ಹಾಸನದಲ್ಲಿ ಕಾರು ಬಣ್ಣದ ಕೆಲಸ ಮಾಡುವವನು ನಾನು. ಸ್ಕೇಲ್144 ಹೇಳಿದ್ದು ಸರಿ. ಜುಲೈ ಆಗಸ್ಟ್‌ನಲ್ಲಿ ನಮ್ಮ ಶೆಡ್ಡಿನಲ್ಲೂ ಡುಕೋ (ಕಾರಿಗೆ ಹೊಡೆಯುವ ಲ್ಯಾಕರ್) ಹೊಡೆದರೆ ಇದೇ ಗೋಳು. ನಾವು ಮಾಡುವುದು ಇಷ್ಟೇ: ಬೆಳಗ್ಗೆ ಬೇಗ ಹೊಡೆಯಲ್ಲ, ಸಂಜೆ ಮೇಲೆ ಹೊಡೆಯಲ್ಲ, ಮಧ್ಯಾಹ್ನ ಸ್ವಲ್ಪ ಬಿಸಿಲು ಇಣುಕಿದಾಗ ಹೊಡೆಯುತ್ತೇವೆ. ಥಿನ್ನರ್‌ಗೆ ರಿಟಾರ್ಡರ್ ಸ್ವಲ್ಪ ಸೇರಿಸುತ್ತೇವೆ. ಜಾಸ್ತಿ ಹಾಕಿದರೆ ಬಣ್ಣ ಒಣಗುವುದೇ ಇಲ್ಲ, ಧೂಳೆಲ್ಲ ಅಂಟುತ್ತದೆ.

ಇನ್ನೊಂದು ಮಾತು. ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇದೆಯಾ? ಗಾಳಿ ಒತ್ತಿದಾಗ ಅದರಲ್ಲಿರುವ ತೇವ ನೀರಾಗುತ್ತದೆ. ಮಲೆನಾಡಿನಲ್ಲಿ ಟ್ಯಾಂಕಿನ ತಳದ ನೀರು ಬಿಡದೆ ಕೆಲಸ ಶುರು ಮಾಡಿದರೆ ಪೈಪಿನಿಂದ ಬಣ್ಣದ ಜತೆ ನೀರಿನ ಹನಿಯೂ ಬರುತ್ತದೆ.

ಗಿರಿ_ತಪ್ಪಲು:
ಶೆಡ್ಡು_ಪೇಂಟರ್ ಅಣ್ಣ, ಫಿಲ್ಟರ್ ಇದೆ, ಅದರ ಗಾಜಿನ ಬಟ್ಟಲಲ್ಲಿ ನೀರೂ ಇದೆ! ಈಗ ತಾನೇ ನೋಡಿದೆ. ರಿಟಾರ್ಡರ್ ಕಾರು ಬಣ್ಣದ ಅಂಗಡಿಯಲ್ಲಿ ಸಿಗುವುದೇ ಆಗುತ್ತದಾ? ಮಾಡೆಲ್ ಪ್ಲಾಸ್ಟಿಕ್ ಕರಗುವುದಿಲ್ವಾ?

ಶೆಡ್ಡು_ಪೇಂಟರ್:
ಪ್ಲಾಸ್ಟಿಕ್ ವಿಷಯ ನನಗೆ ಗೊತ್ತಿಲ್ಲ ತಮ್ಮ. ತಗಡಾದರೆ ಹೇಳುತ್ತೇನೆ.

ಸಾಲಗಾಮೆ_ರಸ್ತೆ:
ಕರಗುತ್ತದೆ! ಕಿಟ್ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಕಾರು ಬಣ್ಣದ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ನಲ್ಲಿ ಟಾಲ್ವೀನ್, ಅಸಿಟೋನ್ ಥರದ್ದೆಲ್ಲ ಇರುತ್ತದೆ. ಬರೀ ಪ್ಲಾಸ್ಟಿಕ್ ಮೇಲೆ ಬಿದ್ದರೆ ಸಣ್ಣ ಸಣ್ಣ ಬಿರುಕು ಬಿಟ್ಟು ಮೇಲ್ಮೈ ಒರಟಾಗುತ್ತದೆ. ನಿಮ್ಮದರಲ್ಲಿ ಪ್ರೈಮರ್, ಬಿಳಿ, ನೀಲಿ ಮೂರು ಪದರ ಇದೆ, ಹಾಗಾಗಿ ತೆಳ್ಳಗೆ ಹೊಡೆದರೆ ತಡೆಯಬಹುದು. ಆದರೆ ಒದ್ದೆಯಾಗುವಷ್ಟು ಹೊಡೆದರೆ ಕೆಳಗಿನವರೆಗೂ ತಿನ್ನುತ್ತದೆ. ಮೊದಲು ಕಿಟ್‌ನ ಚೌಕಟ್ಟಿನ ಕಡ್ಡಿ ಇರುತ್ತದಲ್ಲ, ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವುದು, ಅದಕ್ಕೆ ಇದೇ ಕ್ರಮದಲ್ಲಿ ಬಣ್ಣ ಹೊಡೆದು ಪರೀಕ್ಷೆ ಮಾಡಿ. ನಾನಂತೂ ಮಾಡೆಲ್‌ಗೇ ಅಂತ ಬರುವ ಥಿನ್ನರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ದುಡ್ಡು ಜಾಸ್ತಿ, ನಿದ್ದೆಯೂ ಜಾಸ್ತಿ.

ಮಂಜರಾಬಾದ್_ಎಸ್ಟೇಟ್:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಕಲೇಶಪುರಕ್ಕೆ ಬನ್ನಿ, ನಮ್ಮ ಏಲಕ್ಕಿ ಒಣಗಿಸುವ ಗೂಡಿನಲ್ಲಿ ಇಟ್ಟುಬಿಡೋಣ. ವಿಮಾನ ಒಣಗುತ್ತದೆ, ಘಮಘಮ ಅನ್ನುತ್ತದೆ ಕೂಡ.

ಸ್ಕೇಲ್144:
ನಗಬೇಡಿ, ಯೋಚನೆ ತಪ್ಪೇನಲ್ಲ. ಏಲಕ್ಕಿ ಗೂಡಿನ ಬಿಸಿ 45 ರಿಂದ 55 ಡಿಗ್ರಿ ಒಳಗೆ ಇರಬೇಕು, ಅಲ್ವಾ? ಪಾಲಿಸ್ಟೈರೀನ್ ಮೆತ್ತಗಾಗುವುದು 100 ಡಿಗ್ರಿ ಹತ್ತಿರ, ತೆಳ್ಳನೆ ರೆಕ್ಕೆ ತುದಿ ಅದಕ್ಕಿಂತ ಮೊದಲೇ ಬಾಗುತ್ತದೆ. 40 ಡಿಗ್ರಿ ದಾಟದೆ ಇಟ್ಟರೆ ಕ್ಷೇಮ. ಆದರೆ ಗೂಡಿನಲ್ಲಿ ಹೊಗೆ, ಧೂಳು ಇರುತ್ತದೆ, ಬಿಳಿ ಬಣ್ಣ ಹಾಳು.

ಮನೆಯಲ್ಲೇ ಮಾಡಿಕೊಳ್ಳಿ. ಮುಚ್ಚಳ ಇರುವ ದೊಡ್ಡ ಮರದ ಪೆಟ್ಟಿಗೆ, ಒಳಗೆ 40 ವ್ಯಾಟ್‌ನ ಹಳೇ ಕಾಲದ ಬಲ್ಬು, ಮೇಲೆ ಗಾಳಿಗೆ ಎರಡು ತೂತು, ಒಂದು ಥರ್ಮಾಮೀಟರ್. ಬಣ್ಣ ಹೊಡೆಯುವ ಮೊದಲು ಮಾಡೆಲ್ ಅದರಲ್ಲಿಟ್ಟು ಬೆಚ್ಚಗೆ ಮಾಡಿ. ಹೊಡೆದು, ಥಿನ್ನರ್ ವಾಸನೆ ಸ್ವಲ್ಪ ಹೋದ ಮೇಲೆ ಮತ್ತೆ ಒಳಗಿಡಿ. ಹಸಿ ಬಣ್ಣವನ್ನು ನೇರ ಪೆಟ್ಟಿಗೆಗೆ ಹಾಕಬೇಡಿ, ಥಿನ್ನರ್ ಆವಿ ತುಂಬಿದ ಪೆಟ್ಟಿಗೆಯಲ್ಲಿ ಬಲ್ಬು ಉರಿಯುವುದು ಒಳ್ಳೆಯದಲ್ಲ.

ಕಡೂರು_ಕಡೆಯವ:
ಎಲ್‌ಇಡಿ ಬಲ್ಬು ಹಾಕಿ ಕಾಯುತ್ತಾ ಕೂರಬೇಡಿ ಮತ್ತೆ. ಬೆಳಕು ಬರುತ್ತದೆ, ಬಿಸಿ ಬರಲ್ಲ.

ಮಂಜರಾಬಾದ್_ಎಸ್ಟೇಟ್:
ಏನೋ ತಮಾಷೆಗೆ ಹೇಳಿದರೆ ಇಲ್ಲಿ ಡಿಗ್ರಿ ಲೆಕ್ಕಕ್ಕೇ ಇಳಿದುಬಿಟ್ಟರು.

ಬೇಲೂರು_ಬಾಗಿಲು:
ಏರ್‌ಬ್ರಶ್, ಕಂಪ್ರೆಸರ್, ಪೆಟ್ಟಿಗೆ, ಬಲ್ಬು. ಒಂದು ಸ್ಪ್ರೇ ಡಬ್ಬಿ ತಂದು ಹೊಡೆದರೆ ಮುಗಿಯಿತಲ್ವಾ? ನನ್ನ ಮಗ ಬೈಕ್ ಟ್ಯಾಂಕಿಗೆ ಹೊಡೆದಿದ್ದಾನೆ, ಕನ್ನಡಿ ಥರ ಇದೆ.

ಸಾಲಗಾಮೆ_ರಸ್ತೆ:
ಬೈಕ್ ಟ್ಯಾಂಕ್ ದೊಡ್ಡದು ಸಾರ್. ಎ320 ನಿಜವಾಗಿ 37.57 ಮೀಟರ್ ಉದ್ದ. 144ರಿಂದ ಭಾಗಿಸಿದರೆ ಮಾಡೆಲ್ ಬರೀ 26 ಸೆಂ.ಮೀ. ಅಷ್ಟು ಸಣ್ಣದರ ಮೇಲೆ ಡಬ್ಬಿಯ ಬಣ್ಣ ದಪ್ಪವಾಗಿ ಕೂತರೆ ಬಾಗಿಲಿನ ಗೆರೆ, ರೆಕ್ಕೆ ಹಿಂಬದಿಯ ಫ್ಲಾಪಿನ ಗೆರೆ ಎಲ್ಲ ಮುಚ್ಚಿಹೋಗುತ್ತದೆ. ಮಾಡೆಲ್‌ಗೆ ಅಂತಲೇ ಬರುವ ಡಬ್ಬಿಗಳು ನುಣ್ಣಗೆ ಬರುತ್ತವೆ, ನಿಜ. ಆದರೆ ಅವನ್ನು ಚಿಕ್ಕಮಗಳೂರಿಗೆ ತರಿಸಿ ನೋಡಿ. ಸ್ಪ್ರೇ ಡಬ್ಬಿ ಬೆಂಕಿ ಹತ್ತುವ ಸಾಮಾನು, ಏರ್ ಪಾರ್ಸೆಲ್‌ನಲ್ಲಿ ತೆಗೆದುಕೊಳ್ಳುವುದಿಲ್ಲ. ವಿಮಾನದ ಬಣ್ಣ ಲಾರಿಯಲ್ಲೇ ಬರಬೇಕು.

ಡಬ್ಬಿ ಉಪಯೋಗಿಸುವವರಿಗೆ ಒಂದು ಮಾತು. ಹೊಡೆಯುತ್ತಾ ಹೋದಂತೆ ಡಬ್ಬಿ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಹನಿ ದಪ್ಪ ಆಗುತ್ತದೆ. ಮೊದಲೇ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಒಲೆ ಹತ್ತಿರ ಮಾತ್ರ ಒಯ್ಯಬೇಡಿ.

ಬೇಲೂರು_ಬಾಗಿಲು:
ಆಯ್ತು ಮೇಡಂ. ಆದರೂ ಆಟದ ಸಾಮಾನಿಗೆ ಇಷ್ಟೊಂದಾ?

ಸಾಲಗಾಮೆ_ರಸ್ತೆ:
ಹೌದು, ಇಷ್ಟೊಂದು.

ಹಳೇ_ಹ್ಯಾಂಗರ್:
ಬೆಂಗಳೂರಿನಲ್ಲಿ ವಿಮಾನ ರಿಪೇರಿ ಕೆಲಸ ಮಾಡಿ ನಿವೃತ್ತನಾಗಿ ಈಗ ಹಾಸನದಲ್ಲಿದ್ದೇನೆ. ನೀಲಿ ಸರಿ ಮಾಡುವ ಮೊದಲು ಕೆಲವು ನೋಡಿಕೊಳ್ಳಿ.

ಒಂದು, ಎಂಜಿನ್. ಇಂಡಿಗೋದ ಹಳೆಯ ಎ320ಗಳಿಗೆ ವಿ2500 ಎಂಜಿನ್. ನಿಯೋ, ಅಂದರೆ ಹೊಸ ಎಂಜಿನ್‌ನ ಎ320 ಆದರೆ ಪ್ರಾಟ್ ಅಂಡ್ ವಿಟ್ನಿ ಅಥವಾ ಲೀಪ್, ಅವು ನೋಡಲೇ ದಪ್ಪ. ನಿಮ್ಮ ಕಿಟ್ ಪೆಟ್ಟಿಗೆಯಲ್ಲಿ ಸಿಎಫ್‌ಎಂ56 ಎಂಜಿನ್ ಇದ್ದರೆ ಬಣ್ಣ ಎಷ್ಟು ಚೆಂದ ಬಂದರೂ ಅದು ಇಂಡಿಗೋ ಅಲ್ಲ. ಗುರುತು ಸುಲಭ. ವಿ2500ರ ಕವಚ ಹಿಂದಿನವರೆಗೂ ಒಂದೇ ಉದ್ದ ಕೊಳವೆ, ಗಾಳಿ ಒಂದೇ ಬಾಯಿಂದ ಹೊರಗೆ ಬರುತ್ತದೆ. ಸಿಎಫ್‌ಎಂ56ರಲ್ಲಿ ಹೊರಗಿನ ಕವಚ ಗಿಡ್ಡ, ಹಿಂದಿನಿಂದ ಒಳಗಿನ ಕೊಳವೆ ಚಾಚಿಕೊಂಡಿರುತ್ತದೆ.

ಎರಡು, ರೆಕ್ಕೆ ತುದಿ. ಮೇಲಕ್ಕೆ ಎದ್ದ ಶಾರ್ಕ್‌ಲೆಟ್ ಇದೆಯಾ, ಅಥವಾ ಬಾಣದ ತುದಿಯಷ್ಟು ಸಣ್ಣ ಫೆನ್ಸ್ ಇದೆಯಾ? ನೀವು ಅಂಟಿಸುವ ನೋಂದಣಿ ಅಕ್ಷರದ ವಿಮಾನಕ್ಕೆ ಯಾವುದಿದೆಯೋ ಫೋಟೋ ನೋಡಿ ಅದನ್ನೇ ಹಾಕಿ.

ಮೂರು, ಎಂಜಿನ್ ಬಾಯಿಯ ಅಂಚು ಬರೀ ಲೋಹ. ಅದಕ್ಕೆ ಬಿಳಿ ಬೇಡ.

ಗಿರಿ_ತಪ್ಪಲು:
ಎಂಜಿನ್ ವಿ2500, ತುದಿ ಶಾರ್ಕ್‌ಲೆಟ್. ಫೋಟೋ ಜತೆ ತಾಳೆ ನೋಡಿದೆ ಸಾರ್, ಸರಿ ಇದೆ. ಎಂಜಿನ್ ಅಂಚಿಗೆ ಬೆಳ್ಳಿ ಬಣ್ಣ ಸಾಕಾ?

ಹಳೇ_ಹ್ಯಾಂಗರ್:
ಬೆಳ್ಳಿ ಬಣ್ಣ ನಡೆಯುತ್ತದೆ. ಅಡುಗೆಮನೆ ಅಲ್ಯೂಮಿನಿಯಂ ಹಾಳೆ ಇನ್ನೂ ಚೆನ್ನ. ತೆಳ್ಳಗೆ ಅಂಟು ಸವರಿ, ಅಂಚಿನ ಮೇಲೆ ಹಾಸಿ, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಉಜ್ಜಿ ಕೂರಿಸಿ, ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿ.

ಮೋಡದ_ಮೇಲೆ:
ರೆಕ್ಕೆ ಮೇಲೆ ಕೋರೋಗಾರ್ಡ್ (ತುಕ್ಕು ತಡೆಯುವ ಬೂದು ಲೇಪ) ಮರೆಯಬೇಡಿ. ನಡುವಿನ ಭಾಗಕ್ಕೆ ಕಡು ಬೂದು, ಸುತ್ತ ತಿಳಿ ಬೂದು. ಅದಿಲ್ಲದೆ ರೆಕ್ಕೆ ಸಪ್ಪೆ.

ಹಳೇ_ಹ್ಯಾಂಗರ್:
ಅದು ಬೋಯಿಂಗ್ ಕಥೆ. 707, 727, 737, 747 ಇವುಗಳ ರೆಕ್ಕೆಯ ನಡುಭಾಗಕ್ಕೆ ಆ ಬೂದು ಲೇಪ ಇರುತ್ತದೆ. ಏರ್‌ಬಸ್ ಎ320 ರೆಕ್ಕೆ ಒಂದೇ ತಿಳಿ ಬೂದು. ಸಪ್ಪೆಯೇ ಸರಿ.

ಮೋಡದ_ಮೇಲೆ:
ಯೂಟ್ಯೂಬ್‌ನಲ್ಲಿ ಒಬ್ಬರು ಎ320ಗೂ ಹೊಡೆದಿದ್ದರು.

ಹಳೇ_ಹ್ಯಾಂಗರ್:
ಅವರು ಹೊಡೆದಿದ್ದಾರೆ. ಏರ್‌ಬಸ್‌ನವರು ಹೊಡೆದಿಲ್ಲ.

ಸ್ಕೇಲ್144:
ಸಪ್ಪೆ ಅಂತ ಅನಿಸಿದರೆ ಕಪ್ಪು ಗೆರೆ ಎಳೆಯಲು ಹೋಗುವವರು ಇದ್ದಾರೆ, ಅವರಿಗೂ ಒಂದು ಮಾತು. ದಯವಿಟ್ಟು ಪ್ರಯಾಣಿಕ ವಿಮಾನದ ಎಲ್ಲ ಜೋಡಣೆಗೂ ಕಪ್ಪು ತುಂಬಬೇಡಿ. ಕೌದಿ ಹೊಲಿದ ಹಾಗೆ ಕಾಣುತ್ತದೆ. ಲೆಕ್ಕ ಹಾಕಿ: ಮಾಡೆಲ್ ಮೇಲೆ ಅರ್ಧ ಮಿಲಿಮೀಟರ್ ಗೆರೆ ಅಂದರೆ ನಿಜವಾದ ವಿಮಾನದಲ್ಲಿ 72 ಮಿ.ಮೀ. ಅಗಲದ ಸಂದು. ಅಂಥ ವಿಮಾನ ನೀವು ಹತ್ತುತ್ತೀರಾ? ಫ್ಲಾಪು, ಏಲರಾನ್ (ರೆಕ್ಕೆ ತುದಿ ಕಡೆಯ ಅಲುಗುವ ಹಲಗೆ), ಬಾಗಿಲು ಇಷ್ಟಕ್ಕೆ ಗಟ್ಟಿ ಪೆನ್ಸಿಲ್‌ನಿಂದ ಹಗುರವಾಗಿ ಎಳೆದರೆ ಸಾಕು.

ಮೋಡದ_ಮೇಲೆ:
ಇದನ್ನು ಒಪ್ಪಲ್ಲ. ಕಪಾಟಿನಲ್ಲಿಟ್ಟ ಮಾಡೆಲ್ಲನ್ನು ಯಾರೂ ಸ್ಕೇಲ್ ಹಿಡಿದು ನೋಡಲ್ಲ. ಸ್ವಲ್ಪ ಗೆರೆ ಇದ್ದರೇ ಕಣ್ಣಿಗೆ ವಿಮಾನ ಅನಿಸುವುದು. ಬರೀ ಬಿಳಿ ಬಿಟ್ಟರೆ ಅಂಗಡಿಯಲ್ಲಿ ಸಿಗುವ ಆಟಿಕೆ. ಮಾಡುವವರ ಖುಷಿ ಅಲ್ವಾ?

ಸಾಲಗಾಮೆ_ರಸ್ತೆ:
ಇಬ್ಬರೂ ಬೂದು ಹಾಕಿ ರಾಜಿಯಾಗಿ. ಬಿಳಿ ಮೇಲೆ ತಿಳಿ ಬೂದು ಗೆರೆ, ನೀಲಿ ಮೇಲೆ ಅದಕ್ಕಿಂತ ತುಸು ಕಡುನೀಲಿ.

ಹೇಮಾವತಿ_ದಂಡೆ:
ನಡುವೆ ಬಾಯಿ ಹಾಕುತ್ತೇನೆ. ಹಾಸನ ಜಿಲ್ಲೆಯಲ್ಲಿ ಕೂತು ಇಂಡಿಗೋ ಮಾಡುತ್ತೀರಲ್ಲ, ಏರ್ ಡೆಕ್ಕನ್ ಯಾಕೆ ಮಾಡಲ್ಲ? ಕ್ಯಾಪ್ಟನ್ ಗೋಪಿನಾಥ್ ನಮ್ಮ ಗೊರೂರಿನವರು. ಸೈನ್ಯ ಬಿಟ್ಟು ಬಂದು ಜಾವಗಲ್ ಕಡೆ ಬೇಸಾಯ ಮಾಡಿದವರು, 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ ಶುರು ಮಾಡಿದರು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಅದರ ಗುರುತಾಗಿತ್ತು. ನಮ್ಮೂರಲ್ಲಿ ಮೊದಲ ಸಲ ವಿಮಾನ ಹತ್ತಿದವರಲ್ಲಿ ಎಷ್ಟೋ ಜನ ಹತ್ತಿದ್ದು ಅದನ್ನೇ.

ಕಡೂರು_ಕಡೆಯವ:
ಗಿರಿ_ತಪ್ಪಲು ಇರುವುದು ಚಿಕ್ಕಮಗಳೂರು ಜಿಲ್ಲೆ ಸ್ವಾಮಿ. ಜಿಲ್ಲೆಯನ್ನೇ ಎತ್ತಿಕೊಂಡು ಹೋಗಬೇಡಿ.

ಹೇಮಾವತಿ_ದಂಡೆ:
1/144ರಲ್ಲಿ ಎಲ್ಲ ಒಂದೇ ಜಿಲ್ಲೆ.

ಬೇಲೂರು_ಬಾಗಿಲು:
ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಮಾಡೆಲ್ ಯಾರಾದರೂ ಮಾಡಿ. ಅದಾದರೂ ಬೇಗ ಮುಗಿಯಲಿ.

ಶೆಡ್ಡು_ಪೇಂಟರ್:
ಇಷ್ಟು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ, ಅದರ ಮಾತು ಬೇಡ ಬಿಡಿ.

ಹಳೇ_ಹ್ಯಾಂಗರ್:
ಏರ್ ಡೆಕ್ಕನ್ ಮಾಡುವುದಾದರೆ ಶುರುವಿನ ಸಣ್ಣ ಪ್ರೊಪೆಲರ್ ವಿಮಾನ ಎಟಿಆರ್ 42 ಮಾಡಬೇಕು, ಅದೇ ಚೆಂದ. ಆದರೆ ಪ್ರೊಪೆಲರ್ ನೋಡಿಕೊಳ್ಳಿ. ಎಟಿಆರ್ 42-300, 320ಕ್ಕೆ ನಾಲ್ಕು ಎಲೆ. 42-500, 72-500ಕ್ಕೆ ಆರು ಎಲೆ. ಇದನ್ನು ತಪ್ಪಿದರೆ ನಾನೇ ಬಂದು ಎಣಿಸುತ್ತೇನೆ.

ಇನ್ನೊಂದು ಮಜಾ ಇದೆ. ಇಂಡಿಯನ್ ಏರ್‌ಲೈನ್ಸ್ 1989ರಿಂದ ತಂದ ಎ320ಗಳು ಗೊತ್ತಲ್ಲ, ಕಿತ್ತಳೆ ಬಾಲ, ಅದರಲ್ಲಿ ಬಿಳಿ ಐಎ ಅಕ್ಷರ. ಬೇರೆ ಎಲ್ಲ ಎ320ಗೂ ರೆಕ್ಕೆ ಕೆಳಗಿನ ಒಂದೊಂದು ಕಾಲಿಗೆ ಎರಡು ಚಕ್ರ. ಅವಕ್ಕೆ ನಾಲ್ಕು. ನಮ್ಮ ಕೆಲವು ರನ್‌ವೇಗಳು ಅಷ್ಟು ಗಟ್ಟಿ ಇರಲಿಲ್ಲ, ಭಾರ ಹಂಚಿಹೋಗಲಿ ಅಂತ ಹಾಗೆ ಮಾಡಿಸಿದ್ದು. ಸಾಮಾನ್ಯ ಎ320 ಕಿಟ್ ತಂದು ಇದನ್ನು ಮಾಡಬೇಕಾದರೆ ಕಾಲನ್ನು ನಾವೇ ಕಟ್ಟಬೇಕು. ನನ್ನ ಮೇಜಿನ ಮೇಲೆ ಈಗ ಅದೇ ಇದೆ.

ಸ್ಕೇಲ್144:
ಸಾರ್, ಫೋಟೋ ಹಾಕಿ ದಯವಿಟ್ಟು!! ಆ ಕಾಲಿನ ಫೋಟೋ ಹುಡುಕಿ ಹುಡುಕಿ ಸುಸ್ತಾಗಿದ್ದೇನೆ.

ಮೋಡದ_ಮೇಲೆ:
ಕಷ್ಟದ ಮಾತು ಬಂದರೆ ಏರ್ ಇಂಡಿಯಾ 747 ಮಾಡಿ ನೋಡಿ. 1971ರಲ್ಲಿ ಬಂದ ಮೊದಲನೆಯದು, ಎಂಪರರ್ ಅಶೋಕ. ಒಂದೊಂದು ಕಿಟಕಿಗೂ ಕೆಂಪು ಝರೋಖಾ ಕಮಾನು. 1/144ರಲ್ಲಿ ಅದರ ಡೆಕಾಲ್ (ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಚಿತ್ರ) ಪಟ್ಟಿ ಉದ್ದಕ್ಕೂ ಒಂದು ಕೂದಲೆಳೆ ಸೊಟ್ಟಗಾದರೂ ಇಡೀ ಅರಮನೆ ವಾಲುತ್ತದೆ.

ಗಿರಿ_ತಪ್ಪಲು:
ಡೆಕಾಲ್ ಮಾತು ಬಂದಿದ್ದು ಒಳ್ಳೆಯದಾಯಿತು. ನೀಲಿ ಸರಿಯಾದ ಮೇಲೆ ಮುಂದಿನ ಕೆಲಸ ಅದೇ. ಬಾಲದ ಮೇಲಿನ ಚುಕ್ಕಿ ವಿಮಾನ ದೊಡ್ಡ ಡೆಕಾಲ್. ಕಡು ಬಣ್ಣದ ಮೇಲೆ ಸುತ್ತ ಬೆಳ್ಳಗೆ ಹೊಳೆಯುತ್ತದೆ ಅಂತ ಕೇಳಿದ್ದೇನೆ. ಹೌದಾ?

ಸಾಲಗಾಮೆ_ರಸ್ತೆ:
ಹೌದು, ಅದಕ್ಕೆ ಕಾರಣ ಡೆಕಾಲ್ ಕೆಳಗೆ ಸಿಕ್ಕಿಕೊಂಡ ಗಾಳಿ. ಬಣ್ಣ ಮಂಕಾಗಿದ್ದರೆ ಮೇಲ್ಮೈ ಒರಟು, ಆ ಗುಂಡಿಗಳಲ್ಲಿ ಗಾಳಿ ಕೂರುತ್ತದೆ. ಹಾಗಾಗಿ ಮೊದಲು ಗ್ಲಾಸ್ ಕ್ಲಿಯರ್ (ಹೊಳಪಿನ ಪಾರದರ್ಶಕ ಪದರ) ಹೊಡೆದು ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಪೂರ್ತಿ ಅಂದರೆ ಮೂಗಿಟ್ಟರೆ ವಾಸನೆ ಬರಬಾರದು. ಆಮೇಲೆ ಡೆಕಾಲ್ ಇಡುವ ಜಾಗಕ್ಕೆ ಮೈಕ್ರೋ ಸೆಟ್ (ಡೆಕಾಲ್ ಚೆನ್ನಾಗಿ ಹಿಡಿಯಲು ಹಚ್ಚುವ ದ್ರವ) ಹಚ್ಚಿ, ಡೆಕಾಲ್ ಜಾರಿಸಿ ಕೂರಿಸಿ, ಒದ್ದೆ ಹತ್ತಿ ಕಡ್ಡಿಯಿಂದ ನಡುವಿನಿಂದ ಹೊರಕ್ಕೆ ನೀರು ಒತ್ತಿ, ಮೇಲೆ ಡೆಕಾಲ್ ಮೆತ್ತಗೆ ಮಾಡುವ ಮೈಕ್ರೋ ಸೋಲ್. ಸೋಲ್ ಬಿದ್ದ ಮೇಲೆ ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಬೇಡಿ, ಮುಟ್ಟಿದರೆ ಹರಿಯುತ್ತದೆ. ತಾನೇ ಒಣಗಿ ಚಪ್ಪಟೆಯಾಗುತ್ತದೆ.

ಮೈಕ್ರೋ ಸೆಟ್ ಸಿಗದಿದ್ದರೆ ಬಿಳಿ ವಿನೆಗರ್‌ಗೆ ನೀರು ಬೆರೆಸಿ ಉಪಯೋಗಿಸಬಹುದು. ಗೋಬಿ ಮಂಚೂರಿಗೆ ತಂದದ್ದು ಉಳಿದಿದ್ದರೆ ಅದೇ.

ಮಂಜರಾಬಾದ್_ಎಸ್ಟೇಟ್:
ಏಲಕ್ಕಿ ಬೇಡ ಅಂದವರು ವಿನೆಗರ್ ಒಪ್ಪಿದರು.

ಕಡೂರು_ಕಡೆಯವ:
ಕಿಟಕಿಗೆ ಗಾಜು ಹೇಗೆ ಹಾಕುತ್ತಾರೆ? ನನಗೂ ಒಂದು ಕಟ್ಟುವ ಆಸೆ ಹುಟ್ಟಿದೆ, ಫೆವಿಕ್ವಿಕ್ ಒಂದು ಡಬ್ಬ ತಂದಿಟ್ಟಿದ್ದೇನೆ.

ಸ್ಕೇಲ್144:
ಕಿಟಕಿ ಹತ್ತಿರ ಫೆವಿಕ್ವಿಕ್ ತರಲೇಬೇಡಿ. ಅದರ ಆವಿ ಗಾಜಿನ ಮೇಲೆ ಕೂತು ಬೆಳ್ಳಗೆ ಮಬ್ಬು ಮಾಡುತ್ತದೆ, ತೇವದ ಹವೆಯಲ್ಲಿ ಇನ್ನೂ ಜಾಸ್ತಿ. ಮೈ ಜೋಡಿಸಲು ಪ್ಲಾಸ್ಟಿಕ್ ಸಿಮೆಂಟ್ ತನ್ನಿ, ಅದು ಎರಡೂ ಕಡೆ ಕರಗಿಸಿ ಬೆಸುಗೆ ಮಾಡುತ್ತದೆ. ಫೆವಿಕ್ವಿಕ್‌ಗೆ ಮುಖದ ಪೌಡರ್ ಬೆರೆಸಿದರೆ ಸಂದು ತುಂಬಲು ಒಳ್ಳೆ ಪುಟ್ಟಿ, ಅಷ್ಟಕ್ಕೆ ಇಟ್ಟುಕೊಳ್ಳಿ. ಬೇಗ ಉಜ್ಜಿ, ನಾಳೆಗೆ ಬಿಟ್ಟರೆ ಕಲ್ಲಾಗುತ್ತದೆ. 400ರ ವಾಟರ್ ಪೇಪರ್‌ನಿಂದ ಶುರು ಮಾಡಿ 800, 1200, ಕೊನೆಗೆ 2000.

ಕಿಟಕಿಗೆ ಬಿಳಿ ಫೆವಿಕಾಲ್! ಕಡ್ಡಿ ತುದಿಯಲ್ಲಿ ತೆಗೆದು ತೂತಿನ ಸುತ್ತ ಸವರಿ ನಡುವೆ ಎಳೆದರೆ ಪೊರೆ ಕಟ್ಟುತ್ತದೆ, ಒಣಗಿದ ಮೇಲೆ ಪಾರದರ್ಶಕ. ಮೈ ಬಣ್ಣ, ಕ್ಲಿಯರ್ ಎಲ್ಲ ಮುಗಿದ ಮೇಲೆ ಹಾಕಿ. ಇಲ್ಲದಿದ್ದರೆ ಕಿಟಕಿಯ ಡೆಕಾಲ್ ಅಂಟಿಸಿ ಮುಗಿಸಿ, ಅದಕ್ಕೂ ಅವಮಾನ ಏನಿಲ್ಲ.

ಶೆಡ್ಡು_ಪೇಂಟರ್:
ಎಲ್ಲ ಹೇಳಿದಿರಿ, ಮಾಸ್ಕ್ ಮಾತು ಯಾರೂ ಎತ್ತಲಿಲ್ಲ. ಮಳೆ ಅಂತ ಕಿಟಕಿ ಮುಚ್ಚಿಕೊಂಡು ಲ್ಯಾಕರ್ ಹೊಡೆಯಬೇಡ ತಮ್ಮ.

ಗಿರಿ_ತಪ್ಪಲು:
ಕೊರೊನಾ ಕಾಲದ ಎನ್95 ಹಾಕಿಕೊಳ್ಳುತ್ತೇನೆ ಅಣ್ಣ.

ಶೆಡ್ಡು_ಪೇಂಟರ್:
ಅದು ಧೂಳಿಗೆ. ಥಿನ್ನರ್ ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ವಾಸನೆ ಬರಲು ಶುರುವಾದರೆ ಕಾರ್ಟ್ರಿಜ್ ಮುಗಿಯಿತು ಅಂತ. ನಮ್ಮ ಹುಡುಗರಿಗೂ ದಿನಾ ಇದನ್ನೇ ಬೈಯುತ್ತೇನೆ.

ಗಿರಿ_ತಪ್ಪಲು:
ಸರಿ ಅಣ್ಣ, ತರಿಸುತ್ತೇನೆ. ಎಲ್ಲರಿಗೂ ಒಂದು ಸುದ್ದಿ. ಇವತ್ತು ಮಧ್ಯಾಹ್ನ ಮಳೆ ಬಿಟ್ಟಿತ್ತು. ಮೊದಲು ಚೌಕಟ್ಟಿನ ಕಡ್ಡಿಗೆ ಹೊಡೆದು ನೋಡಿದೆ, ತಿನ್ನಲಿಲ್ಲ. ಆಮೇಲೆ ಫಿಲ್ಟರ್ ನೀರು ಬಿಟ್ಟು, ಮಾಡೆಲ್ ಬೆಚ್ಚಗೆ ಮಾಡಿ, ಮಾಡೆಲ್‌ಗೆ ಬರುವ ಥಿನ್ನರ್‌ಗೇ ಅವರದೇ ರಿಟಾರ್ಡರ್ ಹಾಕಿ ತೆಳ್ಳಗೆ ಹೊಡೆದೆ. ಹೊಟ್ಟೆಯ ಪೊರೆ ಪೂರ್ತಿ ಹೋಯಿತು! ಬಾಲದ ಬುಡದಲ್ಲಿ ಸ್ವಲ್ಪ ಉಳಿದಿದೆ, ಅಲ್ಲಿ ಇನ್ನೊಂದು ತೆಳು ನೀಲಿ ಹೊಡೆದು ಮುಚ್ಚುತ್ತೇನೆ. ಟೇಪ್ ಬಿಚ್ಚಿದಾಗ ಒಂದು ಕಡೆ ನೀಲಿ ಕೆಳಗೆ ನುಸುಳಿದೆ, ಅದಕ್ಕೇನು ಮಾಡಲಿ?

ಸಾಲಗಾಮೆ_ರಸ್ತೆ:
ಈಗ ಆಗಿದ್ದಕ್ಕೆ 2000ರ ಪೇಪರ್ ಒದ್ದೆ ಮಾಡಿ ಬಹಳ ಹಗುರವಾಗಿ ಉಜ್ಜಿ, ಮತ್ತೆ ಬಿಳಿ. ಮುಂದಿನ ಸಲ ಟೇಪ್ ಹಾಕಿದ ಮೇಲೆ ಅಂಚಿಗೆ ಮೊದಲು ಬಿಳಿಯನ್ನೇ ಒಂದು ತೆಳು ಪದರ ಹೊಡೆಯಿರಿ. ನುಸುಳುವುದಿದ್ದರೆ ಬಿಳಿ ನುಸುಳಿ ಸಂದು ಮುಚ್ಚುತ್ತದೆ, ಆಮೇಲೆ ನೀಲಿ. ಹಾರ್ಡ್‌ವೇರ್ ಅಂಗಡಿಯ ಟೇಪ್ ಆದರೆ ಅಂಗೈಗೆ ಒಮ್ಮೆ ಅಂಟಿಸಿ ತೆಗೆದು ಹಾಕಿ, ಅಂಟು ಕಡಿಮೆಯಾಗಿ ಕೆಳಗಿನ ಬಣ್ಣ ಕಿತ್ತು ಬರಲ್ಲ.

ಹಳೇ_ಹ್ಯಾಂಗರ್:
ಮೂತಿಯಲ್ಲಿ ತೂಕ ಹಾಕಿದ್ದೀರಿ ತಾನೆ? ಚಕ್ರದ ಮೇಲೆ ನಿಲ್ಲಿಸಿದರೆ ಬಾಲ ಊರಿ ಕೂತುಬಿಡುವ ಕಿಟ್‌ಗಳೇ ಜಾಸ್ತಿ.

ಗಿರಿ_ತಪ್ಪಲು:
ಮೈ ಮುಚ್ಚುವ ಮೊದಲೇ ಹಾಕಿದ್ದೇನೆ ಸಾರ್. ಗಾಳಕ್ಕೆ ಕಟ್ಟುವ ಸೀಸದ ಗುಂಡು. ಮೂರೂ ಚಕ್ರದ ಮೇಲೆ ನಿಲ್ಲುತ್ತದೆ.

ಕಡೂರು_ಕಡೆಯವ:
ಆ ಗುಂಡು ಎಲ್ಲಿ ಸಿಗುತ್ತದೆ? ನಾನು ನಾಳೆ ಶುರು.

ಹೇಮಾವತಿ_ದಂಡೆ:
ಗೊರೂರು ಡ್ಯಾಂ ಕಡೆ ಬನ್ನಿ, ಗಾಳದ ಸಾಮಾನು ಬೇಕಾದಷ್ಟಿದೆ. ಆದರೆ ಏರ್ ಡೆಕ್ಕನ್ ಮಾಡುವುದಾದರೆ ಮಾತ್ರ ಕೊಡುತ್ತೇನೆ.